ರಥಬೀದಿಯಲ್ಲಿ ಬದುಕಿಗೂ ಜಾಗವಿರಲಿ

ಹಂಪಿಯ ಕತೆಯನ್ನು ನಾವು 1565ಕ್ಕೆ ಮುಗಿಸಿಬಿಡುತ್ತೇವೆ. ಶಾಲೆಯ ಪಾಠದಲ್ಲೂ ಅಷ್ಟೆ, ಗೈಡುಗಳ ಮಾತಿನಲ್ಲೂ ಅಷ್ಟೆ. 1336ರಲ್ಲಿ ಹಕ್ಕಬುಕ್ಕರು ರಾಜ್ಯ ಕಟ್ಟಿದರು, ಕೃಷ್ಣದೇವರಾಯನ ಕಾಲಕ್ಕೆ ಅದು ತುತ್ತತುದಿ ಮುಟ್ಟಿತು, ರಕ್ಕಸತಂಗಡಿಯ ಕಾಳಗದಲ್ಲಿ ಅಳಿಯ ರಾಮರಾಯನ ತಲೆ ಉರುಳಿತು, ಲೂಟಿ ತಿಂಗಳುಗಟ್ಟಲೆ ನಡೆಯಿತು, ಪಟ್ಟಣ ಹಾಳಾಯಿತು. ಅಲ್ಲಿಂದಾಚೆಗೆ ಕಲ್ಲು ಮಾತ್ರ. ಆಮೇಲಿನ ನಾಲ್ಕೂವರೆ ಶತಮಾನ ಅಲ್ಲಿ ಯಾರೂ ಉಳಲಿಲ್ಲ, ಯಾರೂ ಮದುವೆಯಾಗಲಿಲ್ಲ, ಯಾರೂ ತೇರೆಳೆಯಲಿಲ್ಲ ಎಂಬಂತೆ ನಾವು ಆ ಊರನ್ನು ನೋಡುತ್ತೇವೆ. ಹಂಪಿಯಲ್ಲಿ ಇಂದು ಸ್ಮಾರಕಕ್ಕೂ ಜನಕ್ಕೂ ನಡೆಯುತ್ತಿರುವ ಜಗಳದ ಬೇರು ಈ ಅರ್ಧಕ್ಕೆ ನಿಲ್ಲಿಸಿದ ಕತೆಯಲ್ಲಿದೆ ಎಂದು ನಾನು ನಂಬಿದ್ದೇನೆ.

ಕಮಲಾಪುರದ ಕಡೆಯಿಂದ ಬಂದವರು ಅರಮನೆ ಆವರಣ, ಮಹಾನವಮಿ ದಿಬ್ಬ ನೋಡಿಕೊಂಡು ವಿರೂಪಾಕ್ಷನ ಕಡೆಗೆ ಹೊರಟರೆ ನಡುವೆ ಒಂದು ಹಸಿರು ತಗ್ಗು ಸಿಗುತ್ತದೆ. ಬಾಳೆ, ಭತ್ತ, ಕಬ್ಬು, ತೆಂಗು. ಬಹುಪಾಲು ಪ್ರವಾಸಿಗರು ಅದನ್ನು ಫೋಟೋದ ಹಿನ್ನೆಲೆ ಎಂದುಕೊಂಡು ದಾಟಿಹೋಗುತ್ತಾರೆ. ಆ ಹಸಿರಿಗೆ ನೀರುಣಿಸುವುದು ತುರ್ತಾ ಕಾಲುವೆ. ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಅಣೆ ಹಾಕಿ, ಬಂಡೆಗಳ ಸಂದಿಯಲ್ಲಿ ಮಟ್ಟ ಹಿಡಿದು ವಿಜಯನಗರದ ಕಾಲದಲ್ಲಿ ತಿರುಗಿಸಿದ ನೀರು ಅದು. ಏರಿಯ ಮೇಲೆ ಹೆಜ್ಜೆ ಹಾಕಿದರೆ ಗದ್ದೆಯ ಬದುವಿನಲ್ಲೇ ಹಳೆಯ ಮಂಟಪದ ಜಗತಿ ಕಾಣುತ್ತದೆ, ಅದರ ಮೇಲೆ ರೈತರು ಗೊಬ್ಬರದ ಚೀಲ ಇಟ್ಟಿರುತ್ತಾರೆ, ಮಧ್ಯಾಹ್ನ ಬುತ್ತಿ ಬಿಚ್ಚುತ್ತಾರೆ. 1980ರ ಸುಮಾರಿನಿಂದ ಇಲ್ಲಿ ವರ್ಷಗಟ್ಟಲೆ ಸರ್ವೇಕ್ಷಣೆ ಮಾಡಿದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಪಟ್ಟಣವನ್ನು ವಲಯಗಳಾಗಿ ವಿಂಗಡಿಸಿದಾಗ, ದೇವಾಲಯಗಳ ವಲಯ ಮತ್ತು ಅರಮನೆಯ ವಲಯಗಳ ಜೊತೆಗೆ ಈ ನೀರಾವರಿ ಕಣಿವೆಗೂ ಒಂದು ಸ್ಥಾನ ಕೊಟ್ಟರು. ಅವರ ಲೆಕ್ಕದಲ್ಲಿ ಗದ್ದೆಯೂ ರಾಜಧಾನಿಯ ಅಂಗವೇ ಆಗಿತ್ತು.

ಕಲ್ಲಿನ ರಥ ವಿಜಯನಗರದವರು ಮಾಡಿದ್ದು, ಸರಿ. ಆ ಕಾಲುವೆಯೂ ಅವರದೇ. ರಥ ನಿಂತಿದೆ, ಕಾಲುವೆ ಹರಿಯುತ್ತಿದೆ. ಯಾವುದು ಹೆಚ್ಚಿನ ಪರಂಪರೆ ಎಂದು ತೂಗುವುದು ನನ್ನ ಉದ್ದೇಶವಲ್ಲ. ಆದರೆ ಐವತ್ತು ರೂಪಾಯಿಯ ನೋಟಿನ ಮೇಲೆ ಅಚ್ಚಾದದ್ದು ರಥ. ಕಾಲುವೆಯ ನೀರನ್ನು ಪಾಳಿಯ ಮೇಲೆ ಹರಿಸಿಕೊಳ್ಳುವ ರೈತನಿಗೆ ನಮ್ಮ ಕಡತಗಳಲ್ಲಿ ಪರಂಪರೆಯ ವಾರಸುದಾರ ಎಂಬ ಹೆಸರಿಲ್ಲ. ಅವನು ಸ್ಮಾರಕದ ಪಕ್ಕದಲ್ಲಿ ಜಮೀನಿರುವ, ಮೋಟರಿಗೊಂದು ಶೆಡ್ಡು ಹಾಕಿದರೂ ನೋಟಿಸು ಬಂದೀತೆಂದು ಅಂಜುವ ಒಬ್ಬ ಖಾತೆದಾರ, ಅಷ್ಟೆ.

ಈ ವಿಷಯದಲ್ಲಿ ಹಿಂದಿನ ತಲೆಮಾರಿನ ಎಂಜಿನಿಯರುಗಳು ನಮಗಿಂತ ಹಿರಿತನ ತೋರಿದ್ದಾರೆ. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು ಕಟ್ಟಿದಾಗ ರಾಯ, ಬಸವಣ್ಣ ಎಂಬ ಹಳೆಯ ಕಾಲುವೆಗಳಿಗೆ ಇನ್ನು ಕೆಲಸವಿಲ್ಲ ಎಂದು ಅವರು ಕೈಬಿಡಲಿಲ್ಲ. ಹೊಸ ಜಲಾಶಯದಿಂದಲೇ ಅವಕ್ಕೆ ನೀರು ಬಿಡುವ ಏರ್ಪಾಡು ಮಾಡಿದರು. ಹದಿನಾರನೆಯ ಶತಮಾನದ ಕಾಲುವೆಗೆ ಇಪ್ಪತ್ತನೆಯ ಶತಮಾನದ ಅಣೆಕಟ್ಟು ನೀರು ಕೊಡುತ್ತಿದೆ ಎಂಬುದು ಬರೀ ತಾಂತ್ರಿಕ ಸಂಗತಿಯಲ್ಲ. ಹಳೆಯದನ್ನು ಉಳಿಸಬೇಕಾದರೆ ಅದಕ್ಕೊಂದು ಕೆಲಸ ಕೊಡಬೇಕು ಎಂಬ ತಿಳಿವಳಿಕೆ ಅದರಲ್ಲಿದೆ.

ಹಂಪಿ ಬಜಾರಿನ ವಿಷಯದಲ್ಲಿ ಆ ತಿಳಿವಳಿಕೆ ನಮಗೆ ಕೈಕೊಟ್ಟಿತು.

ವಿರೂಪಾಕ್ಷ ಗುಡಿಯ ಗೋಪುರದ ಮುಂದಿನಿಂದ ಮಾತಂಗ ಬೆಟ್ಟದ ಬುಡದ ಎದುರುಬಸವಣ್ಣನವರೆಗೆ ಸಾಗುವ ರಥಬೀದಿಯ ಎರಡೂ ಬದಿ ಸಾಲುಮಂಟಪಗಳಿವೆ. ದಶಕಗಳಿಂದ ಆ ಮಂಟಪಗಳಲ್ಲಿ ಕುಟುಂಬಗಳು ನೆಲೆಸಿದ್ದವು. ಕಂಬದಿಂದ ಕಂಬಕ್ಕೆ ಇಟ್ಟಿಗೆ ಗೋಡೆ ಎಬ್ಬಿಸಿ ಒಳಗೆ ಸಂಸಾರ, ಹೊರಗೆ ಅಂಗಡಿ. ಹೂವು ಹಣ್ಣು ಕಾಯಿ, ಸೈಕಲ್ಲು ಬಾಡಿಗೆ, ಚಹಾ, ಇಡ್ಲಿ, ಬಟ್ಟೆ, ಪುಸ್ತಕ, ಗುಡಿಯ ಆಚೀಚೆ ಲಾಡ್ಜು. 2011ರ ಜುಲೈ 29ರಂದು ಆ ಬೀದಿಗೆ ಜೆಸಿಬಿಗಳು ಬಂದವು. ಹೈಕೋರ್ಟಿನ ಆದೇಶವಿತ್ತು. ಸಾಮಾನು ಹೊರಗಿಡಲು ಜನರಿಗೆ ಸಿಕ್ಕ ಸಮಯ ತೀರಾ ಕಡಿಮೆ. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಅವರಿಗೆ ತೋರಿಸಿದ ಜಾಗ ಕೆಲವು ಕಿಲೋಮೀಟರು ದೂರದ ಕಡ್ಡಿರಾಂಪುರದಲ್ಲಿ. ಯಾತ್ರಿಕರಿಗೆ ಹಣ್ಣುಕಾಯಿ ಮಾರಿ ಬದುಕುತ್ತಿದ್ದವರಿಗೆ ಯಾತ್ರಿಕರೇ ಸುಳಿಯದ ಕಡೆ ನಿವೇಶನ ಕೊಟ್ಟರೆ ಅದು ಮನೆಯಾದೀತು, ಹೊಟ್ಟೆಪಾಡಾಗದು.

ತೆರವು ಮಾಡಿಸಿದವರ ವಾದವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಅದು ಹಗುರವಾದ ವಾದವಲ್ಲ. ಮಂಟಪದ ಕಂಬಗಳಿಗೆ ಮೊಳೆ ಹೊಡೆದಿದ್ದರು, ಸುಣ್ಣ ಬಳಿದಿದ್ದರು, ಹಳೆಯ ಚಪ್ಪಡಿಯ ಮೇಲೆ ಸಿಮೆಂಟಿನ ಅಟ್ಟ ಏರಿಸಿದ್ದರು, ಕೊಳಚೆ ನೀರು ಹೊಳೆಗೆ ಹರಿಯುತ್ತಿತ್ತು. ಒಬ್ಬರಿಗೆ ಬಿಟ್ಟರೆ ಹತ್ತು ಮಂದಿ ಬರುತ್ತಾರೆ ಎಂಬುದು ಪುರಾತತ್ವ ಇಲಾಖೆಯ ಅನುಭವದ ಮಾತು. ಮಂಟಪದೊಳಗೆ ಅಡುಗೆ ಒಲೆ ಉರಿಯುತ್ತಿದ್ದರೆ ಮೇಲಿನ ಕೆತ್ತನೆ ಮಸಿಯಾಗುವುದು ನಿಜ. ಮಂಟಪದ ಒಳಗಿನ ಗೋಡೆಗಳನ್ನು ತೆಗೆಯಬೇಕಿತ್ತು, ಅದರಲ್ಲಿ ನನಗೆ ಸಂದೇಹವಿಲ್ಲ.

ಆದರೆ ಗೋಡೆ ತೆಗೆಯುವುದು ಬೇರೆ, ಬೀದಿಯನ್ನೇ ಬರಿದು ಮಾಡುವುದು ಬೇರೆ. ಸುಮಾರು 1520ರಲ್ಲಿ ಈ ಪಟ್ಟಣ ನೋಡಿದ ಪೋರ್ಚುಗೀಸ್ ವ್ಯಾಪಾರಿ ದೊಮಿಂಗೊ ಪಯಸ್ ಇದೇ ಬೀದಿಯ ಬಗ್ಗೆ ಬರೆದಿದ್ದಾನೆ. ಅವನಿಗೆ ಕಂಡದ್ದು ಮೊಗಸಾಲೆಗಳಿರುವ ಅಂದದ ಮನೆಗಳು, ಯಾತ್ರಿಕರು ತಂಗುವ ತಾಣಗಳು, ದೊಡ್ಡವರಿಗೆ ಬೇರೆ ವಸತಿ, ರಾಜನದೂ ಒಂದು ಮನೆ. ಅಂದರೆ ರಥಬೀದಿ ಕಟ್ಟಿದ್ದೇ ಬಂದವರು ತಂಗಲಿ ಎಂದು. ಐನೂರು ವರ್ಷದ ಹಿಂದೆ ಅಲ್ಲಿ ನಡೆಯುತ್ತಿದ್ದುದು ಯಾತ್ರಿಕರ ಸೇವೆ, 2011ರ ಜುಲೈ ತನಕ ನಡೆಯುತ್ತಿದ್ದುದೂ ಅದೇ. ಆ ಕಸುಬನ್ನೇ ಅತಿಕ್ರಮಣ ಎಂದು ಕರೆದು, ನಿರ್ಜನವಾದ ಕಂಬಸಾಲನ್ನು ಮೂಲಸ್ಥಿತಿ ಎಂದು ಸಾರಿದೆವು. ಪಯಸ್ ನೋಡಿದ ಬೀದಿ ನಿರ್ಜನವಾಗಿರಲಿಲ್ಲ. ಅದನ್ನು ನಿರ್ಜನ ಮಾಡಿದ್ದು 1565ರ ಲೂಟಿ. ಹಾಗಾದರೆ ನಾವು ಯಾವ ಹಂಪಿಯನ್ನು ಕಾಪಾಡುತ್ತಿದ್ದೇವೆ? ಕೃಷ್ಣದೇವರಾಯನದನ್ನೋ, ಲೂಟಿ ಮಾಡಿದವರು ಬಿಟ್ಟುಹೋದದ್ದನ್ನೋ?

ಬರಿದಾದ ಮಂಟಪಗಳು ಸುರಕ್ಷಿತವಾಗಿಯೂ ಉಳಿಯಲಿಲ್ಲ. 2024ರ ಮೇ ತಿಂಗಳ ಮಳೆಗೆ ಅದೇ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿಯಿತು. ಜನ ಇದ್ದಿದ್ದರೆ ಬೀಳುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಹಳೆಯ ಅಡಿಪಾಯಕ್ಕೆ ನೀರಿಳಿದರೆ ಕಂಬ ವಾಲುತ್ತದೆ, ಕೆಳಗೆ ಅಂಗಡಿ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಆದರೆ ಜನರನ್ನು ಕಳಿಸಿಬಿಟ್ಟರೆ ಸ್ಮಾರಕ ಉಳಿಯಿತು ಎಂದು ನಿಟ್ಟುಸಿರು ಬಿಡುವ ಹಾಗಿಲ್ಲ ಎಂಬುದಂತೂ ಆ ಮಳೆಯಲ್ಲಿ ಕಂಡುಬಂತು.

2019ರಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಹೊರಗಿನಿಂದ ಬಂದ ಯುವಕರು ಹಂಪಿಯ ಒಂದು ಕಂಬವನ್ನು ನೂಕಿ ಬೀಳಿಸಿದ ವಿಡಿಯೊ ಊರೂರು ಸುತ್ತಿತು. ಹೊಸಪೇಟೆಯ ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿ, ಬಿದ್ದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸುವಂತೆ ಮಾಡಿತು. ಒಳ್ಳೆಯ ತೀರ್ಪು. ಆದರೆ ಆ ಯುವಕರು ಕಂಬಕ್ಕೆ ಕೈಹಚ್ಚಿದ ಹೊತ್ತಿಗೆ ಗದರಿಸಿ ಕಳಿಸಲು ಅಲ್ಲಿ ಒಬ್ಬ ಎಮ್ಮೆ ಕಾಯುವ ಹುಡುಗನಿದ್ದರೂ ಸಾಕಿತ್ತು. ಯುನೆಸ್ಕೊ ಪಟ್ಟಿಯಲ್ಲಿರುವ ಹಂಪಿಯ ವಿಸ್ತೀರ್ಣ ಸುಮಾರು 42 ಚದರ ಕಿಲೋಮೀಟರು, ಅದರೊಳಗೆ 1,600ಕ್ಕೂ ಹೆಚ್ಚು ಅವಶೇಷಗಳು. ಇಷ್ಟನ್ನು ಕಾಯುವಷ್ಟು ಕಾವಲುಗಾರರನ್ನು ಯಾವ ಇಲಾಖೆ ಸಂಬಳ ಕೊಟ್ಟು ಇಟ್ಟುಕೊಂಡೀತು? ಕಾಯುವವರು ಅಲ್ಲೇ ಹುಟ್ಟಿ ಬೆಳೆದವರಾಗಿರಬೇಕು, ಆ ಕಲ್ಲಿನಿಂದ ತಮಗೂ ಒಂದು ಅನ್ನದ ದಾರಿ ಇದೆ ಎಂದು ಗೊತ್ತಿದ್ದವರಾಗಿರಬೇಕು. ಸ್ಮಾರಕ ಎಂದರೆ ಮನೆ ಕೆಡವಲು ಬರುವ ನೆಪ ಎಂದು ಒಂದು ತಲೆಮಾರಿನ ಮಕ್ಕಳಿಗೆ ಕಲಿಸಿದ ಮೇಲೆ ಅವರಿಂದ ಯಾವ ಕಾವಲನ್ನು ನಿರೀಕ್ಷಿಸೋಣ?

ಜನರ ಅಗತ್ಯಕ್ಕೂ ಸ್ಮಾರಕಕ್ಕೂ ಹುಟ್ಟಾ ವೈರವಿದೆ ಎಂದು ಭಾವಿಸುವವರು ಸೇತುವೆಯ ಕತೆಯನ್ನು ಪೂರ್ತಿ ಕೇಳಬೇಕು. ಆನೆಗೊಂದಿಗೂ ಈಚೆ ದಡಕ್ಕೂ ನಡುವೆ ಹೊಳೆ. ಪಯಸ್ ಬಂದಾಗಲೂ ಜನ ಹರಿಗೋಲಿನಲ್ಲಿ ದಾಟುತ್ತಿದ್ದರು, ತೀರಾ ಈಚಿನವರೆಗೂ ಹಾಗೆಯೇ ದಾಟಿದರು. ಹೊಳೆ ತುಂಬಿದರೆ ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯುವುದು ಹೇಗೆ, ಮಕ್ಕಳು ಶಾಲೆಗೆ ಹೋಗುವುದು ಹೇಗೆ, ಭತ್ತದ ಮೂಟೆ ಪೇಟೆ ಸೇರುವುದು ಹೇಗೆ? ಸೇತುವೆ ಕೇಳಿದವರ ಬೇಡಿಕೆ ನೂರಕ್ಕೆ ನೂರು ನ್ಯಾಯವಾದದ್ದು. ಆದರೆ ಅದನ್ನು ಕಟ್ಟಲು ಹೊರಟದ್ದು ತಳವಾರಘಟ್ಟದಲ್ಲಿ, ವಿಠ್ಠಲ ಗುಡಿಯ ಆಸುಪಾಸಿನಲ್ಲಿ. ಅಲ್ಲಿ ಸೇತುವೆಯಾದರೆ ಲಾರಿಗಳು ಸ್ಮಾರಕಗಳ ನಡುವೆಯೇ ಹಾಯಬೇಕಿತ್ತು. ಇದೇ ಮುಖ್ಯ ಕಾರಣವಾಗಿ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಹಿಗ್ಗಿದ್ದ ನಾಡು ಹದಿಮೂರೇ ವರ್ಷಕ್ಕೆ ತಲೆತಗ್ಗಿಸುವಂತಾಯಿತು. ಹಂಪಿ ಆ ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ. ವಾದವಿವಾದಗಳ ನಡುವೆ ಅರ್ಧಕ್ಕೆ ನಿಂತು, ಮತ್ತೆ ಶುರುವಾಗಿದ್ದ ತಳವಾರಘಟ್ಟದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ದುಡಿಯಲು ಬಂದ ಕಾರ್ಮಿಕರು ಅದರಡಿ ಸತ್ತರು.

ಕೊನೆಗೆ ಆದದ್ದೇನು? ಬುಕ್ಕಸಾಗರ ಮತ್ತು ಕಡೆಬಾಗಿಲಿನ ನಡುವೆ, ಸ್ಮಾರಕಗಳ ಗುಂಪಿನಿಂದ ಆಚೆ, ಸೇತುವೆ ಎದ್ದಿತು. ಈಗ ವಾಹನಗಳು ಅದರ ಮೇಲೆ ಓಡಾಡುತ್ತಿವೆ. ಆನೆಗೊಂದಿಯವರು ಒಂದಿಷ್ಟು ಸುತ್ತಿ ಬರುತ್ತಾರೆ, ಆದರೆ ಬರುತ್ತಾರೆ. ತಕರಾರಿದ್ದದ್ದು ಸೇತುವೆ ಬೇಕೋ ಬೇಡವೋ ಎಂಬುದರಲ್ಲಿ ಅಲ್ಲ, ಎಲ್ಲಿ ಎಂಬುದರಲ್ಲಿ. ನಕ್ಷೆ ಹರವಿಕೊಂಡು, ಎರಡೂ ದಡದ ಊರಿನ ಹಿರಿಯರನ್ನು ಕೂರಿಸಿಕೊಂಡು ಮೊದಲೇ ಮಾತಾಡಿದ್ದರೆ ಆ ಎಲ್ಲ ವರ್ಷಗಳೂ, ಆ ಜೀವಗಳೂ ಉಳಿಯುತ್ತಿದ್ದವು. ಸ್ಮಾರಕಪರರು ಮತ್ತು ಅಭಿವೃದ್ಧಿಪರರು ಎಂದು ಎರಡು ಪಾಳೆಯ ಕಟ್ಟಿಕೊಂಡು ಕೂಗಾಡಿದ್ದರ ಬೆಲೆಯನ್ನು ತೆತ್ತವರು ಎರಡೂ ಪಾಳೆಯದವರಲ್ಲ.

ಜನಪರ ಎಂಬ ಮಾತಿನ ಮರೆಯಲ್ಲಿ ನುಸುಳುವ ಬೇರೆ ಹಿತಾಸಕ್ತಿಯನ್ನೂ ಗುರುತಿಸಬೇಕು. ಹೊಳೆಯ ಆಚೆಗಿನ ವಿರೂಪಾಪುರ ಗಡ್ಡೆಯಲ್ಲಿ ಕೃಷಿ ಭೂಮಿಯ ಮೇಲೆ ರೆಸಾರ್ಟುಗಳು ಎದ್ದವು. ಅವನ್ನು ತೆಗೆಯಬೇಕೆಂಬ ಹೈಕೋರ್ಟಿನ ತೀರ್ಪನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು, ಮರುತಿಂಗಳೇ ಕಟ್ಟಡಗಳು ನೆಲಕ್ಕುರುಳಿದವು. ತೀರ್ಪು ಸರಿಯಾಗಿಯೇ ಇತ್ತು. ನದಿಯ ನಡುಗಡ್ಡೆಯನ್ನು ವಸತಿಗೃಹಗಳ ಸಾಲಾಗಿಸುವುದು ಗ್ರಾಮಜೀವನದ ಮುಂದುವರಿಕೆಯೇನಲ್ಲ. ಆದರೆ ಗಡ್ಡೆಯಲ್ಲಿ ಮುಚ್ಚಿದ ವ್ಯಾಪಾರ ಸಾಣಾಪುರದ ಸುತ್ತಮುತ್ತ ಮತ್ತೆ ತಲೆಯೆತ್ತಿತು. ಬಂಡವಾಳವಿದ್ದವನು ಒಂದು ಕಡೆ ಕೆಡವಿದರೆ ಮತ್ತೊಂದು ಕಡೆ ಕಟ್ಟುತ್ತಾನೆ. ಬಜಾರಿನಲ್ಲಿ ಎಳನೀರು ಮಾರುತ್ತಿದ್ದ ಹೆಂಗಸಿಗೆ ಅಂಥ ಮತ್ತೊಂದು ಕಡೆ ಇಲ್ಲ. ಇಬ್ಬರನ್ನೂ ಅಕ್ರಮ ಎಂಬ ಒಂದೇ ಪದದಲ್ಲಿ ಕಟ್ಟಿಹಾಕುವ ಆಡಳಿತ ಮೇಲ್ನೋಟಕ್ಕೆ ಸಮನಾಗಿ ಕಂಡರೂ ಅದರ ಪೆಟ್ಟು ಸಮನಾಗಿ ಬೀಳುವುದಿಲ್ಲ.

ಕಾನೂನಿನ ತೊಡಕೂ ಇಲ್ಲೇ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರು ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರು ನಿಯಂತ್ರಿತ ವಲಯ. ಊರಿಗೊಂದೇ ಗುಡಿಯಿರುವ ಕಡೆ ಈ ನಿಯಮ ಹೊಂದಿಕೊಳ್ಳುತ್ತದೆ. ಸ್ಮಾರಕದ ಮಗ್ಗುಲಲ್ಲೇ ಸ್ಮಾರಕವಿರುವ ಹಂಪಿ, ಕಮಲಾಪುರದ ಕಡೆ ಈ ವೃತ್ತಗಳು ಒಂದರ ಮೇಲೊಂದು ಬಿದ್ದು ಕೇರಿಕೇರಿಗಳನ್ನೇ ನುಂಗುತ್ತವೆ. ನಿಷೇಧಿತ ವಲಯದಲ್ಲಿ ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು, ಮಗನ ಮದುವೆಯಾಯಿತೆಂದು ಹೊಸದಾಗಿ ಕಟ್ಟುವ ಮಾತಂತೂ ಇಲ್ಲ. ಅರ್ಜಿ ಬರೆಯಲು ತಿಳಿದವನು, ಕಚೇರಿಗೆ ಅಲೆಯಬಲ್ಲವನು ಹೇಗೋ ದಾರಿ ಕಂಡುಕೊಳ್ಳುತ್ತಾನೆ. ಉಳಿದವರು ರಾತ್ರೋರಾತ್ರಿ ಗೋಡೆ ಎಬ್ಬಿಸುತ್ತಾರೆ, ಆಮೇಲೆ ಅಂಜುತ್ತಾ ಬದುಕುತ್ತಾರೆ. ಎಲ್ಲವನ್ನೂ ಬೇಡ ಎನ್ನುವ ಕಾನೂನು ಹೀಗೆ ಕಳ್ಳತನದ ಕಟ್ಟಡಗಳಿಗೆ ತಾನೇ ದಾರಿ ಮಾಡಿಕೊಡುತ್ತದೆ.

ಕಟ್ಟಡದ ವಯಸ್ಸನ್ನು ನೋಡುವ ಬದಲು, ಅದು ಹಳೆಯದಕ್ಕೆ ಮಾಡುವುದೇನು ಎಂದು ನೋಡಬೇಕು. ಬೆಳಿಗ್ಗೆ ಹಾಕಿ ಸಂಜೆ ಮಡಚಿಡುವ ಹೂವಿನಂಗಡಿಯಿಂದ ಮಂಟಪಕ್ಕೆ ಗುರುತೂ ಉಳಿಯುವುದಿಲ್ಲ, ಅದಕ್ಕೆ ಜಾಗ ಕೊಡಬಹುದು. ಮಣ್ಣಿನ ಗೋಡೆಯ, ಒಂದೇ ಅಂತಸ್ತಿನ ಮನೆ ಆನೆಗೊಂದಿಯ ಬೀದಿಗೆ ಹೊಸದೇನಲ್ಲ, ಅದನ್ನು ಹಾಗೆಯೇ ಕಟ್ಟಿಕೊಳ್ಳುವವರಿಗೆ ಅನುಮತಿಯ ಜೊತೆಗೆ ಸಹಾಯಧನವೂ ಸಿಗಲಿ. ಅದೇ ಬೀದಿಯಲ್ಲಿ ಕಾಂಕ್ರೀಟಿನ ಮೂರಂತಸ್ತು ಬೇಡ, ಅದು ಬಡವನದಾದರೂ ಸರಿ, ಸರ್ಕಾರದ್ದಾದರೂ ಸರಿ.

ಇಟಲಿಯ ದಕ್ಷಿಣದಲ್ಲಿ ಮತೇರಾ ಎಂಬ ಪಟ್ಟಣವಿದೆ. ಸುಣ್ಣಕಲ್ಲಿನ ಕಣಿವೆಯಲ್ಲಿ ಕೊರೆದ ಗುಹೆಮನೆಗಳಲ್ಲಿ ಜನ ತಲೆತಲಾಂತರದಿಂದ ಬಾಳಿದ್ದರು. ಬಡತನ, ಮಲೇರಿಯಾ, ಒಂದೇ ಗೂಡಿನಲ್ಲಿ ಮನುಷ್ಯರೂ ದನಗಳೂ. ಅದನ್ನು ದೇಶದ ಅವಮಾನ ಎಂದು ಭಾವಿಸಿದ ಅಲ್ಲಿನ ಸರ್ಕಾರ 1952ರಲ್ಲಿ ಕಾಯ್ದೆ ತಂದು ಸುಮಾರು ಹದಿನೈದು ಸಾವಿರ ಜನರನ್ನು ಹೊಸ ಬಡಾವಣೆಗಳಿಗೆ ಸಾಗಿಸಿತು. ಮೂರು ದಶಕ ಆ ಗುಹೆಗಳು ಪಾಳುಬಿದ್ದವು. ಖಾಲಿ ಊರು ತಾನಾಗಿ ಉಳಿಯುವುದಿಲ್ಲ ಎಂದು ಮನವರಿಕೆಯಾಗಿ 1986ರಲ್ಲಿ ಮತ್ತೊಂದು ಕಾಯ್ದೆ ಮಾಡಿ, ಜನ ಮರಳಿ ನೆಲೆಸಲು ಹಣ ಕೊಟ್ಟರು. 1993ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು, 2019ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿಯೂ ಆಯಿತು. ಆದರೆ ಹಿಂದಿರುಗಿದವರಲ್ಲಿ ಹಳಬರು ಹೆಚ್ಚಿರಲಿಲ್ಲ. ಅವರ ಗುಹೆಗಳಲ್ಲಿ ಎಷ್ಟೋ ಈಗ ಹೋಟೆಲುಗಳಾಗಿವೆ. ಒಮ್ಮೆ ಎಬ್ಬಿಸಿದ ಊರನ್ನು ಮತ್ತೆ ತುಂಬಬಹುದು, ಅದೇ ಜನರಿಂದ ತುಂಬುವುದು ಕಷ್ಟ. ಹಂಪಿಯವರು ಇನ್ನೂ ಕಡ್ಡಿರಾಂಪುರದಲ್ಲಿದ್ದಾರೆ, ಮತೇರಾಕ್ಕಿಲ್ಲದ ಒಂದು ಅವಕಾಶ ನಮಗಿನ್ನೂ ಉಳಿದಿದೆ.

ಹಂಪಿಯ ಮಟ್ಟಿಗೆ ಇನ್ನೊಂದು ವಿಶೇಷವಿದೆ. ವಿರೂಪಾಕ್ಷ ವಿಜಯನಗರಕ್ಕಿಂತ ಹಳಬ, ವಿಜಯನಗರ ಹೋದ ಮೇಲೂ ಪೂಜೆಗೊಳ್ಳುತ್ತಿದ್ದಾನೆ. ಇಂದಿಗೂ ಪಂಪೆಯೊಂದಿಗೆ ಅವನ ನಿಶ್ಚಿತಾರ್ಥ ಫಲಪೂಜೆಯ ದಿನ ನಡೆಯುತ್ತದೆ, ಚೈತ್ರದ ಹುಣ್ಣಿಮೆಗೆ ಜೋಡಿ ತೇರು ಇದೇ ಬೀದಿಯಲ್ಲಿ ಉರುಳುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ರೈತಾಪಿ ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಹೊಳೆಯಲ್ಲಿ ಮಿಂದು, ಸಿಕ್ಕ ಮಂಟಪದಲ್ಲಿ ಒರಗಿ, ಮಂಡಕ್ಕಿ ಮಿರ್ಚಿ ತಿಂದು, ಮಗಳಿಗೆ ಬಳೆ ಕೊಂಡು ಹೋಗುತ್ತಾರೆ. ಅವರಿಗೆ ಇದು ಪ್ರವಾಸಿ ತಾಣವಲ್ಲ, ಅವರು ಬರುವುದು ದೇವರ ಕಾರ್ಯಕ್ಕೆ. ಆ ಒಂದೆರಡು ದಿನ ರಥಬೀದಿ ತನ್ನ ಹಳೆಯ ಕೆಲಸಕ್ಕೆ ಮರಳುತ್ತದೆ, ಮಂಟಪಗಳೇನೂ ಕಳಚಿ ಬೀಳುವುದಿಲ್ಲ. ಜಾತ್ರೆಯಲ್ಲಿ ಆಗುವುದನ್ನು ವರ್ಷವಿಡೀ, ಹದವರಿತು, ನಿಯಮಕ್ಕೆ ಒಳಪಡಿಸಿ ನಡೆಸಲು ಏಕೆ ಆಗಬಾರದು?

ಹಂಪಿಗಾಗಿಯೇ 2002ರಲ್ಲಿ ರೂಪುಗೊಂಡ ಒಂದು ಕಾಯ್ದೆ ನಮ್ಮಲ್ಲಿದೆ. ಅದರಡಿ ಒಂದು ನಿರ್ವಹಣಾ ಪ್ರಾಧಿಕಾರವಿದೆ, ಅದರ ವ್ಯಾಪ್ತಿ 236 ಚದರ ಕಿಲೋಮೀಟರು, 29 ಹಳ್ಳಿಗಳು. ಹೊಸ ಕಾನೂನಿಗೆ ಕಾಯಬೇಕಿಲ್ಲ, ಮನಸ್ಸು ಮಾಡಿದರೆ ಇದರಡಿಯಲ್ಲೇ ಬಹಳಷ್ಟು ಆಗುತ್ತದೆ. 29 ಹಳ್ಳಿಗಳಿಗೂ ಒಂದೊಂದು ನಕ್ಷೆ ಬೇಕು. ಎಲ್ಲಿ ಏನು ಕಟ್ಟಬಹುದು, ಎಷ್ಟು ಎತ್ತರ, ಯಾವ ಸಾಮಗ್ರಿ, ಎಲ್ಲಿ ಏನೂ ಕೂಡದು ಎಂಬುದು ಅದರಲ್ಲಿ ಬಿಡಿಸಿ ಬರೆದಿರಬೇಕು. ಅದು ಕನ್ನಡದಲ್ಲಿ ಅಚ್ಚಾಗಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲಿರಬೇಕು, ಗ್ರಾಮಸಭೆ ಒಪ್ಪದೆ ಅಂತಿಮವಾಗಕೂಡದು. ಮನೆ ದುರಸ್ತಿಯ ಅರ್ಜಿಗೆ ಇಷ್ಟು ದಿನದೊಳಗೆ ಉತ್ತರ ಎಂಬ ಗಡುವಿರಬೇಕು. ವಿಠ್ಠಲ ಗುಡಿಯ ಟಿಕೆಟ್ಟಿನ ಹಣದಲ್ಲಿ ಒಂದು ಪಾಲು ಈ ಹಳ್ಳಿಗಳ ಚರಂಡಿಗೆ, ಕುಡಿಯುವ ನೀರಿಗೆ, ಶಾಲೆಗೆ ಬರಬೇಕು. ರಥಬೀದಿಯಲ್ಲಿ, ಮಂಟಪಗಳಿಂದ ದೂರ ಕಾಯ್ದುಕೊಂಡು, ಕಳಚಿಡಬಹುದಾದ ಅಂಗಡಿಗಳಿಗೆ ಜಾಗ ಗುರುತಿಸಿ, 2011ರಲ್ಲಿ ನೆಲೆ ಕಳೆದುಕೊಂಡ ಮನೆತನಗಳಿಗೆ ಮೊದಲ ಹಕ್ಕು ಕೊಡಬೇಕು.

ಇದರಲ್ಲಿ ಯಾವುದೂ ಅಸಾಧ್ಯವಾದ ಬೇಡಿಕೆಯಲ್ಲ. ಕಡ್ಡಿರಾಂಪುರದ ಹಿರಿಯರು ಇನ್ನೂ ಬದುಕಿದ್ದಾರೆ, ಬಜಾರಿನ ಯಾವ ಕಂಬದ ಬಳಿ ಯಾರ ಅಂಗಡಿಯಿತ್ತೆಂದು ಅವರಿಗೆ ನೆನಪಿದೆ. ಪ್ರಾಧಿಕಾರದ ಅಧಿಕಾರಿಗಳು ಅವರನ್ನು ಕರೆದು ಕೂರಿಸಿ ಕೇಳುವ ಕೆಲಸವನ್ನು ಈ ವರ್ಷವೇ ಶುರುಮಾಡಲಿ.